‘ಅಬ್ಯಾಂಡನ್’ ಎಂಬ ಶಬ್ದದ ಅರ್ಥವಿಚಾರ

ಇಂಗ್ಲಿಷ್ ನಿಘಂಟಿನ ಮೊದಲ ಪುಟಗಳಲ್ಲಿಯೇ ‘ಅಬ್ಯಾಂಡನ್’ ಎಂಬ ಶಬ್ದವು ದೊರೆಯುವುದು. ‘ಬಿಡು’ ಎಂದು ಅದಕ್ಕೆ ಅರ್ಥ ಬರೆದುಕೊಂಡು ವಿದ್ಯಾರ್ಥಿನಿಯರು ಮುಂದಕ್ಕೆ ಸಾಗುವರು. ಆದರೆ ‘ಲೀವ್’ ಎಂಬುದಕ್ಕೂ ನಾವು ‘ಬಿಡು’ ಎಂದೇ ಹೇಳುವುದರಿಂದ, ಇವೆರಡೂ ಒಂದೇ ಎಂಬ ಭ್ರಾಂತಿಯುಂಟಾಗುವುದು. ಆದಕಾರಣ ಇವುಗಳ ಭೇದವನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಈ ಶಬ್ದವು ಹಳೆಯ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದುದು. ಅಲ್ಲಿ ‘ಬಂದೋನ್’ ಎಂದರೆ ಅಧಿಕಾರ, ಹತೋಟಿ. ಒಂದನ್ನು ಪರರ ವಶಕ್ಕೆ ಒಪ್ಪಿಸಿಬಿಡುವುದೇ ಮೂಲಾರ್ಥವು. ತನ್ನ ಹಕ್ಕನ್ನೂ ಹೊಣೆಯನ್ನೂ ನೀಗಿಕೊಳ್ಳುವುದೆಂಬ ಭಾವವು ಇದರಿಂದ ಬೆಳೆಯಿತು. ನಮ್ಮ ‘ಕೈಬಿಡು’ ಎಂಬ ಮಾತು ಇದಕ್ಕೆ ಬಹು ಸಮೀಪವಾದುದು.

ಪ್ರಯೋಗಗಳು ಹಲವುಂಟು. ಮನುಷ್ಯರ ವಿಷಯದಲ್ಲಿ ಹೇಳಿದರೆ, ಆಶ್ರಿತರನ್ನು ದಿಕ್ಕಿಲ್ಲದಂತೆ ತೊರೆಯುವುದೆಂದರ್ಥ. ಕಾರ್ಯದ ವಿಷಯದಲ್ಲಿ, ಮುಗಿಯುವುದಕ್ಕೆ ಮುನ್ನ ನಿಲ್ಲಿಸಿಬಿಡುವುದು. ನೌಕಾವಿಮೆಯಲ್ಲಿ, ಹಾಳಾದ ಹಡಗಿನಲ್ಲಿ ಉಳಿದಿರುವ ಹಕ್ಕನ್ನು ವಿಮೆಗಾರರಿಗೆ ಒಪ್ಪಿಸಿ ಪೂರ್ಣ ಹಣವನ್ನು ಕೇಳುವುದು. ದುಃಖಕ್ಕೆ ತನ್ನನ್ನು ‘ಅಬ್ಯಾಂಡನ್’ ಮಾಡಿಕೊಂಡಳೆಂದರೆ, ಅದಕ್ಕೆ ಪೂರ್ಣವಾಗಿ ವಶಳಾದಳೆಂದರ್ಥ. ಇಲ್ಲಿ ಮೂಲಾರ್ಥವು ಸ್ಪಷ್ಟವಾಗಿ ಕಾಣುವುದು. ಮಕ್ಕಳು ‘ಅಬ್ಯಾಂಡನ್’ನಿಂದ ಕುಣಿದರೆಂದರೆ ಮೈಮರೆತು ಕುಣಿದರೆಂದು ತಾತ್ಪರ್ಯ, ಇದರಲ್ಲಿ ದೂಷಣೆಯೇನೂ ಇಲ್ಲ.

‘ಲೀವ್’ ಶಬ್ದಕ್ಕೂ ಇದಕ್ಕೂ ಇರುವ ಅಂತರಕ್ಕೆ ಚರಿತ್ರೆಯಿಂದ ಒಂದು ನಿದರ್ಶನವನ್ನು ಕೊಡುವೆವು. ಅರ್ನೆಸ್ಟ್ ಶ್ಯಾಕಲ್ಟನ್ನರು ದಕ್ಷಿಣಧ್ರುವ ಖಂಡವನ್ನು ಅಡ್ಡಲಾಗಿ ದಾಟಬೇಕೆಂದು ಹೊರಟಿದ್ದಾಗ, ಅವರ ‘ಎಂಡ್ಯೂರೆನ್ಸ್’ ಹಡಗು 1915ರಲ್ಲಿ ವೆಡೆಲ್ ಸಮುದ್ರದ ಹಿಮದಲ್ಲಿ ಸಿಕ್ಕಿಕೊಂಡಿತು. ಹಿಮದ ಒತ್ತಡದಿಂದ ಅದು ಬಿರಿಯಲು, ಅಕ್ಟೋಬರ್ 27ರಂದು ಅದನ್ನು ತೊರೆಯಬೇಕಾಯಿತು. ಖಂಡವನ್ನು ದಾಟುವ ಸಂಕಲ್ಪವನ್ನೂ ಬಿಡಬೇಕಾಯಿತು. ಇವೆರಡಕ್ಕೂ ‘ಅಬ್ಯಾಂಡನ್’ ಎಂಬುದೇ ತಕ್ಕ ಶಬ್ದ. ಮುಂದೆ 28 ಮಂದಿಯೂ ಎಲಿಫೆಂಟ್ ದ್ವೀಪವನ್ನು ಸೇರಿದರು. ಅಲ್ಲಿ 22 ಮಂದಿಯನ್ನು ಬಿಟ್ಟು, ಶ್ಯಾಕಲ್ಟನ್ನರು ಐವರೊಡನೆ ಸಣ್ಣ ದೋಣಿಯಲ್ಲಿ ಸುಮಾರು 1,300 ಕಿಲೋಮೀಟರು ಕಡಲನ್ನು ದಾಟಿ ಸಹಾಯವನ್ನು ಅರಸಿ ಹೋದರು. ಮೂರು ಸಲ ದ್ವೀಪವನ್ನು ಮುಟ್ಟಲಾರದೆ, ನಾಲ್ಕನೆಯ ಸಲ, 1916ರ ಆಗಸ್ಟ್ 30ರಂದು, ಎಲ್ಲರನ್ನೂ ಜೀವಸಹಿತ ಕರೆತಂದರು. ಆ 22 ಮಂದಿಯ ವಿಷಯದಲ್ಲಿ ‘ಲೀವ್’ ಎಂದು ಹೇಳಬಹುದೇ ಹೊರತು ‘ಅಬ್ಯಾಂಡನ್’ ಎಂದು ಹೇಳಲಾಗದು.

ಕಾಯಿದೆಯೂ ಈ ಭೇದವನ್ನು ಬಲ್ಲದು. 1860ನೆಯ ಇಸವಿಯ ಭಾರತೀಯ ದಂಡಸಂಹಿತೆಯ 317ನೆಯ ಕಲಮಿನಲ್ಲಿಯೂ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 93ನೆಯ ಕಲಮಿನಲ್ಲಿಯೂ ಎರಡು ಶಬ್ದಗಳೂ ಒಟ್ಟಿಗೆ ಬರುವುವು. ಹನ್ನೆರಡು ವರ್ಷದೊಳಗಿನ ಮಗುವನ್ನು ಪಾಲಕರು ಎಲ್ಲಿಯಾದರೂ ‘ಲೀವ್’ ಮಾಡಿದ ಮಾತ್ರಕ್ಕೆ ಈ ಅಪರಾಧವಾಗದು. ಪೂರ್ಣವಾಗಿ ‘ಅಬ್ಯಾಂಡನ್’ ಮಾಡುವ ಉದ್ದೇಶವಿರಬೇಕು. ಮಗುವನ್ನು ನೆರೆಮನೆಯಲ್ಲಿ ಬಿಟ್ಟು ಕೂಲಿಗೆ ಹೋಗುವ ತಾಯಿಯು ಅದನ್ನು ಕೈಬಿಟ್ಟವಳಲ್ಲ. ಭೇದವು ದೂರದಲ್ಲಿಲ್ಲ, ಮನಸ್ಸಿನಲ್ಲಿದೆ.

ನಮ್ಮ ಹುಡುಗಿಯರು ಹತ್ತನೆಯ ತರಗತಿಯ ಕೊನೆಯಲ್ಲಿ ಪಡೆಯುವ ಎಸ್.ಎಸ್.ಎಲ್.ಸಿ. ಪತ್ರದಲ್ಲಿ ‘ಎಲ್’ ಎಂಬ ಅಕ್ಷರವು ‘ಲೀವಿಂಗ್’ ಎಂಬುದಕ್ಕೆ ಸಂಕೇತವಾಗಿದೆ. ಶಾಲೆಯನ್ನು ಬಿಡುವುದು ಸಹಜವೇ. ಆದರೆ ಮದುವೆ, ಮನೆಗೆಲಸ, ಹಣದ ಅಡಚಣೆಗಳ ನಿಮಿತ್ತ ಎಷ್ಟೋ ಮನೆಗಳಲ್ಲಿ ಹುಡುಗಿಯ ವಿದ್ಯೆಯೇ ಅಲ್ಲಿಗೆ ನಿಂತುಹೋಗುವುದುಂಟು. ಪತ್ರವು ಶಾಲೆಯನ್ನು ಬಿಡಲು ಅಪ್ಪಣೆ ಕೊಡುವುದೇ ಹೊರತು ವಿದ್ಯೆಯನ್ನು ಕೈಬಿಡಲು ಅಲ್ಲ. ಇದನ್ನು ತಂದೆತಾಯಿಗಳೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮನಸ್ಸಿನಲ್ಲಿಡಬೇಕೆಂದು ಕೋರುವೆವು.