ಮೊದಲು ಬರಿಗಾಲಲ್ಲಿ ನಡೆ

ತಮ್ಮಾ, ಹ್ಯಾಮ್ ರೇಡಿಯೊದ ಜನರಲ್ ದರ್ಜೆ ಪಾಸಾಯಿತು ಅಂತ ಪೇಡೆ ತಂದುಕೊಟ್ಟೆಯಲ್ಲ, ಬಹಳ ಖುಷಿಯಾಯಿತು. ಕರೆಸಂಕೇತದ ವಿಯು3 ಹೋಗಿ ವಿಯು2 ಬರುತ್ತದೆ. ಎಚ್‌ಎಫ್‌ನಲ್ಲಿ 50 ವ್ಯಾಟಿಗೆ ನಿಂತಿದ್ದ ಮಿತಿ 400ಕ್ಕೆ ಏರುತ್ತದೆ. ಆದರೆ ಪೇಡೆ ಬಾಯಲ್ಲಿ ಕರಗುವ ಮೊದಲೇ ನೀನು ಕೇಳಿದೆ: "ಯಾವ ಲೀನಿಯರ್ ತಗೊಳ್ಳಲಿ?" ಆವತ್ತು ನಾನು ನಕ್ಕು ಸುಮ್ಮನಾದೆ. ಹೊಸ ಲೈಸೆನ್ಸಿನ ಹುರುಪಿಗೆ ತಣ್ಣೀರು ಎರಚುವ ಮನಸ್ಸಾಗಲಿಲ್ಲ. ಆ ಉತ್ತರವನ್ನು ಈಗ ನಿಧಾನವಾಗಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡು. ನಿನ್ನ ರೇಡಿಯೊ 100 ವ್ಯಾಟಿನದು. ಶಕ್ತಿ ಹೆಚ್ಚಿಸುವ ಆ ಲೀನಿಯರ್ ಜೋಡಿಸಿ 400 ಮಾಡಿದರೆ ನಾಲ್ಕು ಪಟ್ಟು ಜೋರಾಗಿ ಕೇಳಿಸುತ್ತೇನೆ ಅಂದುಕೊಂಡಿದ್ದೀಯ. ಆಚೆ ಕಡೆಯವರ ಎಸ್ ಮೀಟರ್ ಹಾಗೆ ಎಣಿಸುವುದಿಲ್ಲ. ನಾಲ್ಕು ಪಟ್ಟು ಎಂದರೆ 6 ಡೆಸಿಬೆಲ್, 6 ಡೆಸಿಬೆಲ್ ಎಂದರೆ ಒಂದೇ ಒಂದು ಎಸ್ ಯೂನಿಟ್. ಎಸ್5 ಇದ್ದ ಮುಳ್ಳು ಎಸ್6ಕ್ಕೆ ಹೋಗುತ್ತದೆ, ಅಷ್ಟೇ. ಅಮೆರಿಕದವರಿಗೆ 1500 ವ್ಯಾಟ್ ಕೊಟ್ಟಿದ್ದಾರೆ, ನಮಗೇಕೆ 400 ಎಂದು ಗೊಣಗಿದೆಯಲ್ಲ, ಆ 1500ಕ್ಕೂ ನಮ್ಮ 400ಕ್ಕೂ ನಡುವೆ ಪೂರ್ತಿ ಒಂದು ಎಸ್ ಯೂನಿಟ್ ಕೂಡ ಇಲ್ಲ. ಬ್ರಿಟನ್ನಿನ ಫುಲ್ ಲೈಸೆನ್ಸಿನವರಿಗೆ 1000 ವ್ಯಾಟ್ ಸಿಕ್ಕಿದ್ದು 2024ರಲ್ಲಿ. ಅಲ್ಲಿಯವರೆಗೆ ಅವರೂ 400ರಲ್ಲೇ ಲೋಕವನ್ನೆಲ್ಲ ಮಾತಾಡಿಸುತ್ತಿದ್ದರು.

ಅದೇ 6 ಡೆಸಿಬೆಲ್ ಈಗ ನಿಮ್ಮ ಮನೆಯಲ್ಲೇ ಎಲ್ಲಿ ಸೋರುತ್ತಿದೆ ಗೊತ್ತೇ? ತಾರಸಿಯಿಂದ ಇಳಿದುಬರುವ ಆ ತೆಳ್ಳನೆಯ ಆರ್‌ಜಿ-58 ಕೇಬಲ್ಲಿನಲ್ಲಿ. ಎರಡು ಮೀಟರ್ ಬ್ಯಾಂಡಿನಲ್ಲಿ ಮೂವತ್ತು ಮೀಟರ್ ಉದ್ದದ ಆ ಕೇಬಲ್ ಸುಮಾರು ಮುಕ್ಕಾಲು ಪಾಲು ಶಕ್ತಿಯನ್ನು ನುಂಗಿಬಿಡುತ್ತದೆ. ಹತ್ತು ವ್ಯಾಟ್ ಹತ್ತಿಸಿದರೆ ಮೇಲೆ ತಲುಪುವುದು ಎರಡೂವರೆ. ಎಚ್‌ಎಫ್‌ನಲ್ಲಿ ನಷ್ಟ ಇಷ್ಟಿಲ್ಲ, ಆದರೆ ಅಲ್ಲಿ ಆಂಟೆನಾದ ಎತ್ತರ ಕೈಕೊಡುತ್ತದೆ. ನಿನ್ನ 14 ಮೆಗಾಹರ್ಟ್ಸ್‌ನ ಡೈಪೋಲ್ ನೀರಿನ ಟ್ಯಾಂಕಿನ ಪಕ್ಕದಲ್ಲಿ ತಲೆಗೆ ತಾಗುವಷ್ಟು ಕೆಳಗಿದೆ. ಅಲ್ಲಿಂದ ಹೊರಟದ್ದರಲ್ಲಿ ಹೆಚ್ಚಿನದು ನೆತ್ತಿಯ ಮೇಲಿನ ಆಕಾಶಕ್ಕೇ ಹೋಗುತ್ತದೆ. ಅದನ್ನು ಹತ್ತು ಮೀಟರ್ ಮೇಲಕ್ಕೆ ಎತ್ತಿಸು. ಒಂದು ದಿನ ಕೈ ಕೂಡಿ ಮೂರು ಎಲಿಮೆಂಟಿನ ಯಾಗಿ ಏರಿಸಿದೆಯೋ, ಡೈಪೋಲಿಗಿಂತ ಐದಾರು ಡೆಸಿಬೆಲ್ ಪುಕ್ಕಟೆ. ಕರೆಂಟಿನ ಬಿಲ್ಲೂ ಏರುವುದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಲೀನಿಯರ್ ಬಾಯಿಗೆ ಮಾತ್ರ ಬಲ, ಒಳ್ಳೆಯ ಆಂಟೆನಾ ಬಾಯಿಗೂ ಕಿವಿಗೂ. ಕೂಗು ಬಹಳ ಇದ್ದು ಕಿವಿ ಕೇಳದ ಸ್ಟೇಷನ್ನಿಗೆ ನಮ್ಮಲ್ಲಿ ಒಂದು ಅಡ್ಡಹೆಸರಿದೆ, 'ಆಲಿಗೇಟರ್'. ಮೊಸಳೆಗೆ ಬಾಯಿ ಗುಹೆಯಷ್ಟು, ಕಿವಿ ಎಲ್ಲಿದೆಯೆಂದು ಹುಡುಕಬೇಕು. ಆ ಹೆಸರು ಒಮ್ಮೆ ಅಂಟಿದರೆ ಬ್ಯಾಂಡಿನಲ್ಲಿ ಬೇಗ ಬಿಡುವುದಿಲ್ಲ.

ಲೀನಿಯರ್ ಇಲ್ಲದೆ ಬರೀ ರೇಡಿಯೊದಲ್ಲಿ ಮಾತಾಡುವುದಕ್ಕೆ 'ಬೇರ್‌ಫುಟ್' ಅನ್ನುತ್ತೇವಲ್ಲ, ನನಗೆ ಆ ಮಾತು ಇಷ್ಟ. ಬರಿಗಾಲಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುವವನಿಗೆ ಎಲ್ಲಿ ಒದ್ದೆ, ಎಲ್ಲಿ ಮುಳ್ಳು ಎಂದು ಪಾದಕ್ಕೇ ತಿಳಿಯುತ್ತದೆ. 100 ವ್ಯಾಟಿನಲ್ಲಿ ಒಂದು ವರ್ಷ ಕೂತವನಿಗೆ 15 ಮೀಟರ್ ಬ್ಯಾಂಡ್ ಯಾವಾಗ ತೆರೆಯುತ್ತದೆ, ಸಂಜೆಗತ್ತಲೆಯ ಗ್ರೇಲೈನ್ ಹೊತ್ತಿನಲ್ಲಿ ಯಾವ ದಿಕ್ಕು ಮಾತಾಡುತ್ತದೆ, ಒಂದೇ ಸ್ಟೇಷನ್ನನ್ನು ಹತ್ತಾರು ಜನ ಒಟ್ಟಿಗೆ ಕೂಗುವ ಪೈಲ್‌ಅಪ್ಪಿನಲ್ಲಿ ಯಾವ ಕ್ಷಣಕ್ಕೆ ಬಾಯಿ ಹಾಕಬೇಕು ಎಂಬುದು ಹಾಗೇ ಮೈಗೆ ಹತ್ತುತ್ತದೆ. ಭೌತಶಾಸ್ತ್ರಕ್ಕೆ 1993ರ ನೊಬೆಲ್ ಪಡೆದ ಜೋ ಟೇಲರ್ ನಮ್ಮ ಹಾಗೆಯೇ ಒಬ್ಬ ಹ್ಯಾಮ್. ಅವರು 2008ರಲ್ಲಿ ಕೊಟ್ಟ ವಿಸ್ಪರ್ ವಿಧಾನದಲ್ಲಿ ಒಂದು ವ್ಯಾಟಿನ ಐದನೇ ಒಂದು ಭಾಗ ಖಂಡಗಳನ್ನು ದಾಟುತ್ತದೆ. ಹೆಸರೇ ಪಿಸುಮಾತು ನೋಡು.

ಇನ್ನು ನನ್ನ ಒಂದು ಪೆದ್ದುತನ ಹೇಳುತ್ತೇನೆ. ನಿನ್ನ ವಯಸ್ಸಿನಲ್ಲಿ ಎರಡು 811ಎ ವಾಲ್ವ್ ಹಾಕಿ ನಾನೇ ಒಂದು ಲೀನಿಯರ್ ಕಟ್ಟಿದ್ದೆ. ಪ್ಲೇಟಿಗೆ 1500 ವೋಲ್ಟ್. ಒಂದು ರಾತ್ರಿ ಏನೋ ಸರಿಯಿಲ್ಲವೆನಿಸಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮುಚ್ಚಳ ತೆಗೆದು ಸ್ಕ್ರೂಡ್ರೈವರ್ ಹಾಕಿದೆ. ಢಂ ಎಂದಿತು. ಕೆಪಾಸಿಟರನ್ನು ಬರಿದು ಮಾಡಬೇಕಿದ್ದ ಬ್ಲೀಡರ್ ರೆಸಿಸ್ಟರ್ ಯಾವಾಗಲೋ ಸುಟ್ಟುಹೋಗಿತ್ತು. ಸ್ಕ್ರೂಡ್ರೈವರಿನ ತುದಿ ಕರಗಿತ್ತು. ಅದರ ಬದಲು ನನ್ನ ಬೆರಳಿದ್ದಿದ್ದರೆ ಈ ಪತ್ರ ಬರೆಯುವವರು ಬೇರೆ ಯಾರಾದರೂ ಆಗಬೇಕಿತ್ತು. ಅಂದಿನಿಂದ ಒಂದು ಕೈ ಜೇಬಿನಲ್ಲಿ, ಇನ್ನೊಂದು ಕೈಯಲ್ಲಿ ಪಿವಿಸಿ ಹಿಡಿಯ ಕೋಲು. ಕೋಲಿನ ತುದಿಗೆ ಕೊಕ್ಕೆ, ಕೊಕ್ಕೆಯಿಂದ ರೆಸಿಸ್ಟರ್ ಮೂಲಕ ಅರ್ತಿಂಗಿಗೆ ತಂತಿ. ಹ್ಯಾಮ್‌ಗಳು ಅದನ್ನು 'ಚಿಕನ್ ಸ್ಟಿಕ್' ಅನ್ನುತ್ತಾರೆ. ನಿನ್ನ ಅತ್ತೆ ಆ ಹೆಸರು ಕೇಳಿ, ನನ್ನ ರೇಡಿಯೊ ಕೋಣೆಯಲ್ಲಿ ಕದ್ದು ಅಡುಗೆ ನಡೆಯುತ್ತಿದೆಯೆಂದು ಬಾಗಿಲು ತೆರೆದು ನೋಡಿದ್ದರು!

ಈಗಿನ ಟ್ರಾನ್ಸಿಸ್ಟರ್ ಲೀನಿಯರಿನ ಒಳಗೆ ಸಾವಿರಾರು ವೋಲ್ಟ್ ಇಲ್ಲ, ನಿಜ. ಆದರೆ ಒಳಗಿಲ್ಲದ ವೋಲ್ಟ್ ಹೊರಗಿದೆ. 50 ಓಮ್ ಕೇಬಲ್ಲಿನಲ್ಲಿ 400 ವ್ಯಾಟ್ ಹರಿದರೆ ಸುಮಾರು 141 ವೋಲ್ಟ್, ಡೈಪೋಲಿನ ತುದಿಯಲ್ಲಿ ಅದರ ಎಷ್ಟೋ ಪಟ್ಟು. ನಿಮ್ಮ ತಾರಸಿಯಲ್ಲಿ ಬಟ್ಟೆ ಒಣಹಾಕುವವರಿದ್ದಾರೆ, ಗಾಳಿಪಟ ಬಿಡುವ ಮಕ್ಕಳಿದ್ದಾರೆ. ಅವರ ಕೈಗೆ ತಂತಿಯ ತುದಿ ಎಟುಕುತ್ತದೆ ಎಂದಾದರೆ ಲೀನಿಯರಿನ ಮಾತನ್ನೇ ಎತ್ತಬೇಡ.

ಇನ್ನೊಂದು ತಪ್ಪನ್ನು ಹೊಸಬರೆಲ್ಲ ಮಾಡುತ್ತಾರೆ. ಮೂವತ್ತು ವ್ಯಾಟ್ ಒಳಕೊಟ್ಟರೆ ಸಾಕೆನ್ನುವ ಲೀನಿಯರಿಗೆ ರೇಡಿಯೊದ ನೂರನ್ನೂ ಸುರಿಯುತ್ತಾರೆ. ಮೂರು ಕಿಲೋಹರ್ಟ್ಸ್‌ನಲ್ಲಿ ಮುಗಿಯಬೇಕಾದ ಎಸ್‌ಎಸ್‌ಬಿ ದನಿ ಅಕ್ಕಪಕ್ಕದ ನಾಲ್ಕು ಜನರ ಮಾತಿನ ಮೇಲೆ ಎಂಜಲು ಹಾರಿಸುತ್ತದೆ. ಎಫ್‌ಟಿ8 ಎಂಬ ಡಿಜಿಟಲ್ ವಿಧಾನದಲ್ಲಂತೂ ಹದಿಮೂರು ಸೆಕೆಂಡು ಬಿಡುವಿಲ್ಲದೆ ಪೂರ್ತಿ ಶಕ್ತಿ ಹೋಗುತ್ತದೆ. ಮಾತಿಗೆಂದು ಮಾಡಿದ ಲೀನಿಯರ್ ಅಲ್ಲಿ ಬಾಣಲೆಯಂತೆ ಕಾಯುತ್ತದೆ. ಯಾರಾದರೂ ಫೋನ್ ಮಾಡಿ "ನಿನ್ನ ಸಿಗ್ನಲ್ ಅಗಲವಾಗಿದೆ" ಎಂದರೆ ಸಿಟ್ಟಾಗಬೇಡ. ಅವರು ನಿನ್ನ ಹಿತೈಷಿ.

ಕಾನೂನಿನ ಮಾತಿಗೆ ಬರೋಣ. "ನಾನು ಎಷ್ಟು ವ್ಯಾಟ್ ಬಿಡುತ್ತೇನೆಂದು ಯಾರು ಮೀಟರ್ ಹಿಡಿದು ನಿಂತಿರುತ್ತಾರೆ ಅಂಕಲ್?" ಎಂದೆ ನೀನು. ಯಾರೂ ನಿಂತಿರುವುದಿಲ್ಲ. ಅದಕ್ಕೇ ಈ ಲೈಸೆನ್ಸ್ ಕೊಡುವ ಮುಂಚೆ ಪರೀಕ್ಷೆ ಮಾಡುವುದು. 400 ಎನ್ನುವುದು ಛಾವಣಿ, ದಿನವೂ ತಲೆ ತಾಗಿಸಿ ನಡೆಯಬೇಕೆಂದು ಕಟ್ಟಿದ್ದಲ್ಲ. 1500 ವ್ಯಾಟ್ ಕೊಟ್ಟ ಅಮೆರಿಕದ ನಿಯಮವೇ ಅದಕ್ಕೂ ಮೊದಲ ಸಾಲಿನಲ್ಲಿ, ಮಾತುಕತೆಗೆ ಬೇಕಾದ ಕನಿಷ್ಠ ಶಕ್ತಿಯನ್ನಷ್ಟೇ ಬಳಸಬೇಕು ಎನ್ನುತ್ತದೆ. ಅವರ 30 ಮೀಟರ್ ಬ್ಯಾಂಡಿನಲ್ಲಿ ಮಿತಿ 200ಕ್ಕೇ ಮುಗಿಯುತ್ತದೆ. ಎಲ್ಲ ಬ್ಯಾಂಡಿಗೂ ಒಂದೇ ಅಂಕಿ ಎಂದುಕೊಳ್ಳದೆ ನಿನ್ನ ಲೈಸೆನ್ಸಿನ ಒಂದೊಂದು ಸಾಲನ್ನೂ ಓದು. ಕಿಲೋವ್ಯಾಟ್ ಲೀನಿಯರನ್ನು 400ರಲ್ಲಿ ಆರಾಮವಾಗಿ ಓಡಿಸಿದರೆ ಸಿಗ್ನಲ್ ಶುದ್ಧವಾಗಿರುತ್ತದೆ ಎಂದು ಕೆಲವರು ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಅಪರೂಪದ ದ್ವೀಪವೊಂದು ಪೈಲ್‌ಅಪ್ಪಿನಲ್ಲಿ ಕೇಳಿಸಿದ ರಾತ್ರಿ ಗುಂಡಿಯ ಮೇಲಿನ ಬೆರಳು ಅಲ್ಲೇ ನಿಲ್ಲುತ್ತದೆಯೇ ಎಂದು ನಿನ್ನನ್ನು ನೀನೇ ಕೇಳಿಕೊ.

ನಮ್ಮ ಪಶ್ಚಿಮದ ಆಕಾಶದಲ್ಲಿ ಕ್ಯುಒ-100 ಎಂಬ ಹ್ಯಾಮ್ ಟ್ರಾನ್ಸ್‌ಪಾಂಡರ್ ಇರುವ ಉಪಗ್ರಹವೊಂದು ನಿಂತಿದೆಯಲ್ಲ, ಅಲ್ಲಿ ಒಂದು ಚಂದದ ವ್ಯವಸ್ಥೆಯಿದೆ. ಯಾರಾದರೂ ಬೀಕನ್ನಿಗಿಂತ ಜೋರಾಗಿ ಬಂದರೆ 'ಲೈಲಾ' ಎಂಬ ಕಾವಲುಗಾತಿ ಅವರ ಸಿಗ್ನಲಿನ ಮೇಲೆಯೇ ಸೈರನ್ ಊದುತ್ತಾಳೆ. ಲೋಕಕ್ಕೆಲ್ಲ ಕೇಳುವಂತೆ! ಅಲ್ಲಿ ಒಬ್ಬ ಕಿರುಚಿದರೆ ಉಳಿದವರ ದನಿಯೆಲ್ಲ ಕುಗ್ಗುತ್ತದೆ, ಅದಕ್ಕೆ. ಎಚ್‌ಎಫ್‌ಗೆ ಲೈಲಾ ಇಲ್ಲ. ಅವಳ ಕೆಲಸ ನಾವೇ ಮಾಡಿಕೊಳ್ಳಬೇಕು.

ಲೀನಿಯರೇ ಬೇಡ ಎಂದು ನಾನು ಹೇಳುತ್ತಿಲ್ಲ. ನೆರೆ ಬಂದಾಗ ನೆಟ್ ಕಂಟ್ರೋಲ್ ಆಗಿ ಕೂತವನ ದನಿ ಮೂಲೆಮೂಲೆಗೂ ಮುಟ್ಟಬೇಕು. ಮಳೆಗಾಲದ ಗುಡುಗಿನ ಗರಗರದ ನಡುವೆ 80 ಮೀಟರಿನಲ್ಲಿ ಒಂದು ಎಸ್ ಯೂನಿಟ್ಟೂ ದೊಡ್ಡದೇ. ಚಂದ್ರನಿಗೆ ತಾಗಿಸಿ ಎರಡೂವರೆ ಸೆಕೆಂಡಿಗೆ ಮರಳುವ ದನಿಯನ್ನು ಹಿಡಿಯುವವರಿಗೂ ಅದು ಬೇಕಾಗುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ. ಈ ವರ್ಷದ ದುಡ್ಡು ಕೇಬಲ್ಲಿಗೆ, ಕಂಬಕ್ಕೆ, ಒಂದು ಒಳ್ಳೆಯ ವ್ಯಾಟ್‌ಮೀಟರಿಗೆ. ಮುಂದಿನ ವರ್ಷ ನಿನ್ನ ಲಾಗ್ ಪುಸ್ತಕ ತೆಗೆದುಕೊಂಡು ಬಾ. ಕೇಳಿಸಿಯೂ ಕೈಗೆ ಸಿಗದ ಸ್ಟೇಷನ್‌ಗಳು ಎಷ್ಟೆಂದು ಇಬ್ಬರೂ ಕೂತು ಎಣಿಸೋಣ. ಆಗಲೂ ಬೇಕೆನಿಸಿದರೆ ಅಂಗಡಿಗೆ ಹೋಗಬೇಡ, ನನ್ನ ಹಳೆಯ 811ಎ ಲೀನಿಯರ್ ಮಂಚದ ಕೆಳಗಿದೆ, ಹೊಸ ಬ್ಲೀಡರ್ ಹಾಕಿಟ್ಟಿದ್ದೇನೆ. ಆದರೆ ಮೊದಲು ನಿನ್ನ ಕೈಗೆ ಕೊಡುವುದು ಆ ಕೋಲು.