ಸೀಸದ ಧೂಳು ಮತ್ತು ನಮ್ಮ ಮಕ್ಕಳ ಬುದ್ಧಿ



ಮಗುವಿನ ಹಾಲುಹಲ್ಲು ಬಿದ್ದರೆ ನಮ್ಮ ಕಡೆ ಅದನ್ನು ಸೆಗಣಿ ಉಂಡೆಯೊಳಗಿಟ್ಟು ಮಾಳಿಗೆಯ ಮೇಲೆ ಎಸೆಯುತ್ತೇವೆ. 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್ ನಗರದ ಬಳಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಇಂಥ ಹಲ್ಲುಗಳನ್ನು ಶಾಲಾ ಮಕ್ಕಳಿಂದ ಕೇಳಿ ಪಡೆದರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಹಲ್ಲು ಕೊಟ್ಟರು. ಅವುಗಳಲ್ಲಿ ಎಷ್ಟು ಸೀಸ ಸೇರಿದೆ ಎಂದು ಅವರು ಅಳೆದರು. 1979ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಪಾಠದಲ್ಲಿ ಗಮನವಿಲ್ಲ, ಹೇಳಿದ್ದನ್ನು ಅನುಸರಿಸುವುದಿಲ್ಲ ಎಂದು ಶಿಕ್ಷಕರು ಹೆಚ್ಚಾಗಿ ಗುರುತಿಸಿದ್ದೂ ಇಂಥ ಮಕ್ಕಳನ್ನೇ. ಆದರೆ ಅವರನ್ನು ನೋಡಿದರೆ ಯಾವ ಕಾಯಿಲೆಯೂ ಕಾಣುತ್ತಿರಲಿಲ್ಲ. ಅವರು ದೊಡ್ಡವರಾದ ಮೇಲೆ ಮತ್ತೆ ವಿಚಾರಿಸಿದಾಗ, ಸೀಸ ಹೆಚ್ಚಿದ್ದವರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟವರು ಹಲವು ಪಟ್ಟು ಹೆಚ್ಚಾಗಿದ್ದರು.

ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆಯೂ "ಇವನ ತಲೆಗೆ ಹತ್ತುವುದಿಲ್ಲ, ಕುರಿ ಕಾಯಲು ಕಳಿಸಿ" ಎಂಬ ಮಾತು ಕೇಳುತ್ತಲೇ ಇರುತ್ತೇವೆ. ಅದನ್ನು ಹಣೆಬರಹವೆಂದು ಬಿಡುವ ಮುಂಚೆ ಈ ಪಾಠವನ್ನು ಒಮ್ಮೆ ಓದಿ.

ಬೆಂಗಳೂರಿನಲ್ಲಿ ಕಂಡದ್ದು

ಇದು ದೂರದ ದೇಶದ ಸಮಸ್ಯೆ ಮಾತ್ರವಲ್ಲ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಸಂಸ್ಥೆಯು ಬೆಂಗಳೂರು, ಹೈದರಾಬಾದ್, ಚೆನ್ನೈ ಸೇರಿದಂತೆ ದೇಶದ 7 ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಪರೀಕ್ಷೆಯಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಲ್ಲಿ, 100 ಮಿ.ಲೀ. ರಕ್ತಕ್ಕೆ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಮೀರಿ ಸೀಸ ಇತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯಕ್ಕಾಗಿ ವರ್ಷಗಟ್ಟಲೆ ದುಡಿದರು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಸೀಸ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ನೇ ಇಸವಿಯಲ್ಲಿ ದೇಶದಾದ್ಯಂತ ಸೀಸ ಬೆರೆಸಿದ ಪೆಟ್ರೋಲ್ ಮಾರಾಟ ನಿಂತಿತು.

ಅಲ್ಲಿಗೆ ತೊಂದರೆ ಮುಗಿಯಲಿಲ್ಲ. ಜಗತ್ತಿನ ಪ್ರತಿ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ ಎಂದು 2020ರಲ್ಲಿ ಯುನಿಸೆಫ್ ತಿಳಿಸಿತು. ಅವರಲ್ಲಿ ನಮ್ಮ ದೇಶದ ಮಕ್ಕಳೇ ಬಹಳ.

ಸೀಸ ಹೇಗೆ ಕೆಡಿಸುತ್ತದೆ?

ಸೀಸ, ತೆಲುಗಿನಲ್ಲಿ ಸೀಸಂ, ಮೆತ್ತಗಿನ ಭಾರವಾದ ಲೋಹ. (ಮಕ್ಕಳು ಬರೆಯುವ 'ಸೀಸದ ಕಡ್ಡಿ'ಯಲ್ಲಿ ಸೀಸ ಇರುವುದಿಲ್ಲ, ಅದು ಗ್ರಾಫೈಟ್. ಹೆದರಬೇಡಿ.) ನಮ್ಮ ದೇಹಕ್ಕೆ ಸೀಸದಿಂದ ಯಾವ ಉಪಯೋಗವೂ ಇಲ್ಲ. ಆದರೆ ದೇಹ ಅದನ್ನು ಸುಣ್ಣದ ಅಂಶವಾದ ಕ್ಯಾಲ್ಸಿಯಂ ಎಂದು ತಪ್ಪು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ಅದು ಮೂಳೆ, ಹಲ್ಲುಗಳಲ್ಲಿ ದಶಕಗಳ ಕಾಲ ಕೂರುತ್ತದೆ. ಮೆದುಳಿಗೂ ಹೋಗಿ, ಬೆಳೆಯುತ್ತಿರುವ ನರಗಳ ಜೋಡಣೆಯನ್ನು ಕೆಡಿಸುತ್ತದೆ.

ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತನೇ ಒಂದು ಭಾಗ ರಕ್ತಕ್ಕೆ ಸೇರಿದರೆ, ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಸೇರಬಹುದು. ಅಂಬೆಗಾಲಿಡುವ ಮಗು ನೆಲದ ಧೂಳಿನ ಕೈಯನ್ನು ದಿನವಿಡೀ ಬಾಯಿಗಿಡುತ್ತದೆ. ಹೊಟ್ಟೆ ಖಾಲಿಯಿದ್ದರೆ, ಕಬ್ಬಿಣದ ಅಂಶ ಕಡಿಮೆಯಿದ್ದರೆ ಸೀಸ ಇನ್ನೂ ಬೇಗ ಹೀರಿಕೆಯಾಗುತ್ತದೆ. ಗರ್ಭಿಣಿಯ ಮೂಳೆಯಲ್ಲಿ ಹಿಂದೆಂದೋ ಸೇರಿದ ಸೀಸವೂ ಕರಗಿ ಹೊಟ್ಟೆಯ ಕೂಸನ್ನು ಮುಟ್ಟುತ್ತದೆ.

ಎಷ್ಟು ಸೀಸ ಸಾಕು? ಎರಡು ವರ್ಷದ ಮಗುವಿನ ಮೈಯಲ್ಲಿರುವುದು ಸುಮಾರು ಒಂದು ಲೀಟರ್ ರಕ್ತ. ಅದರಲ್ಲಿ ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲು ಸೀಸ ಸೇರಿದರೆ 10 ಮೈಕ್ರೋಗ್ರಾಂ ಮಟ್ಟ ಮುಟ್ಟಿದಂತೆ. ಹಲವು ದೇಶಗಳ 1,333 ಮಕ್ಕಳ ಲೆಕ್ಕವನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಮಟ್ಟ 2.4ರಿಂದ 10ಕ್ಕೆ ಏರಿದಾಗ ಬುದ್ಧಿಮತ್ತೆಯಲ್ಲಿ ಸುಮಾರು 4 ಅಂಕ ಇಳಿಯುತ್ತದೆ. 10ರಿಂದ 20ಕ್ಕೆ ಏರಿದಾಗ ಇನ್ನೂ ಸುಮಾರು 2 ಅಂಕ. ಅಂದರೆ ಮೊದಲ ಸ್ವಲ್ಪ ಸೀಸವೇ ಹೆಚ್ಚು ಕೆಡಿಸುತ್ತದೆ. 'ಇಷ್ಟಿದ್ದರೆ ಪರವಾಗಿಲ್ಲ' ಎನ್ನುವ ಮಟ್ಟವೇ ಇಲ್ಲ.

ನಮ್ಮ ಮನೆ, ಅಂಗಳದಲ್ಲಿ ಎಲ್ಲಿದೆ?

1. ಹಳೆಯ ಬ್ಯಾಟರಿ. ಟ್ರ್ಯಾಕ್ಟರ್, ಆಟೋ, ಇನ್ವರ್ಟರ್ ಬ್ಯಾಟರಿಗಳ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಮುಚ್ಚಿದ ಬ್ಯಾಟರಿಯಿಂದ ಭಯವಿಲ್ಲ. ಒಡೆದರೆ, ಕರಗಿಸಿದರೆ ವಿಷ. ಆಫ್ರಿಕಾದ ಸೆನೆಗಲ್ ದೇಶದಲ್ಲಿ, ಡಕಾರ್ ನಗರದ ಒಂದು ಬಡಾವಣೆಯ ಜನ ಹಳೆಯ ಬ್ಯಾಟರಿಗಳ ಮಣ್ಣನ್ನು ಜರಡಿ ಹಿಡಿದು ಸೀಸ ಮಾರುತ್ತಿದ್ದರು. 2007ರ ಕೊನೆಯಿಂದ 2008ರ ಮಾರ್ಚ್‌ವರೆಗೆ ಅಲ್ಲಿ 18 ಮಕ್ಕಳು ಸತ್ತರು. ಬ್ಯಾಟರಿ ಅಂಗಡಿ, ಗುಜರಿಯಲ್ಲಿ ದುಡಿಯುವ ತಂದೆಯ ಅಂಗಿ, ಚಪ್ಪಲಿಯ ಧೂಳೂ ಮನೆಯ ಮಗುವಿಗೆ ಅಪಾಯ.

2. ಬಣ್ಣ. 2017ರ ನವೆಂಬರ್‌ನಿಂದ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದೆಂಬ ನಿಯಮವಿದೆ. ಆದರೆ ಅದಕ್ಕೂ ಹಿಂದೆ ಬಳಿದ ಬಾಗಿಲು, ಕಿಟಕಿ, ತೊಟ್ಟಿಲುಗಳು ಹಾಗೇ ಇವೆ. ಯಂತ್ರಗಳ ಬಣ್ಣಕ್ಕೆ ಈ ನಿಯಮವಿಲ್ಲ. ಟ್ರ್ಯಾಲಿಗೆ ಬಳಿದು ಉಳಿದ ಬಣ್ಣವನ್ನು ತೊಟ್ಟಿಲಿಗೆ ಹಚ್ಚಬೇಡಿ.

3. ಅರಿಶಿನ. ಹಳದಿ ಹೊಳಪಿಗಾಗಿ ಸೀಸದ ಕ್ರೋಮೇಟ್ ಬೆರೆಸುವ ಮೋಸವಿದೆ. ಬಾಂಗ್ಲಾದೇಶದ ಮಾರುಕಟ್ಟೆಯ ಅರಿಶಿನದಲ್ಲಿ 2019ರಲ್ಲಿ ಸುಮಾರು ಅರ್ಧದಷ್ಟು ಮಾದರಿಗಳಲ್ಲಿ ಸೀಸ ಕಂಡಿತು. ಸರ್ಕಾರ ಬಿಗಿ ಕ್ರಮ ಕೈಗೊಂಡ ಮೇಲೆ 2021ರಲ್ಲಿ ಅದು ಸೊನ್ನೆಗೆ ಇಳಿಯಿತು. ಮನಸ್ಸು ಮಾಡಿದರೆ ಎರಡೇ ವರ್ಷ ಸಾಕು!

4. ಕಲಾಯಿ. ಹಿತ್ತಾಳೆ ಪಾತ್ರೆಗೆ ಶುದ್ಧ ತವರದಿಂದ ಕಲಾಯಿ ಹಾಕಬೇಕು. ಅಗ್ಗಕ್ಕೆಂದು ಸೀಸ ಬೆರೆಸಿದರೆ, ಹುಣಸೆಹುಳಿಯ ಸಾರು ಆ ಸೀಸವನ್ನು ಎಳೆದುಕೊಳ್ಳುತ್ತದೆ. ಹಿಂದೂಪುರ ಹುಣಸೆಯ ದೊಡ್ಡ ಮಾರುಕಟ್ಟೆ. ಹುಳಿಯಿಲ್ಲದ ಅಡುಗೆ ನಮ್ಮಲ್ಲಿಲ್ಲ.

5. ಕೆಲವು ಅಂಗಡಿ ಸುರ್ಮಾ, ಕುಂಕುಮ ಮತ್ತು ಲೋಹದ ಭಸ್ಮ ಸೇರಿದ ಔಷಧಿ. ನಾಗಭಸ್ಮವೆಂದರೆ ಸೀಸದ ಭಸ್ಮವೇ.

ನಾವೇನು ಮಾಡಬಹುದು?

* ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ಹಿಂದಿರುಗಿಸಿ. ಅದರ ಬೆಲೆಯನ್ನೂ ಕಳೆದುಕೊಡುತ್ತಾರೆ. ಮನೆಯಲ್ಲಿ ಒಡೆಯಬೇಡಿ, ಕರಗಿಸಬೇಡಿ.
* ಬ್ಯಾಟರಿ, ಬಣ್ಣದ ಕೆಲಸ ಮಾಡುವವರು ಸ್ನಾನ ಮಾಡಿ, ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.
* ಊಟಕ್ಕೆ ಮುಂಚೆ ಮಕ್ಕಳ ಕೈಯನ್ನು ಸೋಪು ಹಾಕಿ ತೊಳೆಸಿ. ನೆಲವನ್ನು ಒಣಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.
* ಹಳೆಯ ಬಣ್ಣ ಕೆರೆಯುವಾಗ ನೀರು ಚಿಮುಕಿಸಿ. ಮಕ್ಕಳು, ಗರ್ಭಿಣಿಯರು ಹತ್ತಿರ ಇರಬಾರದು.
* ಕಣ್ಣು ಕುಕ್ಕುವಂತೆ ಹೊಳೆಯುವ ಅರಿಶಿನ ಕೊಳ್ಳಬೇಡಿ. ಹಿತ್ತಿಲಲ್ಲಿ ನಾಲ್ಕು ಗೆಡ್ಡೆ ನೆಟ್ಟರೆ ವರ್ಷಕ್ಕಾಗುತ್ತದೆ.
* ಮಗುವನ್ನು ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಕಳಿಸಬೇಡಿ. ನಮ್ಮ ರಾಗಿಯ 100 ಗ್ರಾಮಿನಲ್ಲಿ 300 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಹುರುಳಿ ಸಾರು, ನುಗ್ಗೆಸೊಪ್ಪು, ಜೊತೆಗೆ ನಿಂಬೆ ಅಥವಾ ನೆಲ್ಲಿಕಾಯಿ ಕೊಡಿ. ಒಳಗೆ ಹೋದ ಸೀಸವನ್ನು ಇವು ತೆಗೆಯಲಾರವು. ಹೊಸದಾಗಿ ಸೇರುವುದನ್ನು ಕಡಿಮೆ ಮಾಡುತ್ತವೆ.

ಪರೀಕ್ಷೆ ಯಾರಿಗೆ?

ಹೆಚ್ಚಿನ ಮಕ್ಕಳಲ್ಲಿ ಲಕ್ಷಣವೇ ಕಾಣದು. ಕೆಲವರಿಗೆ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ಸಿಡುಕು ಇರಬಹುದು. ವಿಷ ಬಹಳ ಏರಿದರೆ ಫಿಟ್ಸ್ ಬರುತ್ತದೆ. ಆಗ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮನೆಯಲ್ಲಿ ಯಾರಾದರೂ ಬ್ಯಾಟರಿ ಕೆಲಸ ಮಾಡುತ್ತಿದ್ದರೆ, ಮಗು ಮಣ್ಣು, ಬಣ್ಣದ ಚಕ್ಕೆ ತಿನ್ನುತ್ತಿದ್ದರೆ ವೈದ್ಯರಿಗೆ ಹೇಳಿ ರಕ್ತದ ಸೀಸ ಪರೀಕ್ಷೆ ಮಾಡಿಸಿ. ಸಣ್ಣ ಊರಿನಲ್ಲಿ ಆಗದಿದ್ದರೆ ರಕ್ತದ ಮಾದರಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಬೇಕಾಗುತ್ತದೆ. 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಅದೇ ಮೊದಲ ಚಿಕಿತ್ಸೆ. ಮಟ್ಟ ಬಹಳ ಹೆಚ್ಚಿದ್ದರೆ ಮಾತ್ರ ಆಸ್ಪತ್ರೆಯಲ್ಲಿ ಸೀಸ ಹೊರಹಾಕುವ ಔಷಧಿ ಕೊಡುತ್ತಾರೆ. ಆ ಔಷಧಿ ಜೀವ ಉಳಿಸಬಲ್ಲದು, ಆದರೆ ಕಳೆದುಹೋದ ಬುದ್ಧಿಯನ್ನು ಮರಳಿ ತರಲಾರದು. ಆದ್ದರಿಂದಲೇ ಮುಂಜಾಗ್ರತೆಗೆ ಇಷ್ಟು ಒತ್ತು.

ಕಡೆಯದಾಗಿ ಒಂದು ಮಾತು. ಓದಿನಲ್ಲಿ ಹಿಂದಿರುವ ಮಕ್ಕಳಿಗೆಲ್ಲ ಸೀಸವೇ ಕಾರಣವಲ್ಲ. ಕಣ್ಣು, ಕಿವಿಯ ದೋಷ, ಜಂತುಹುಳು, ರಕ್ತಹೀನತೆ, ಹಸಿವು ಎಲ್ಲವನ್ನೂ ನೋಡಬೇಕು. ಯಾವ ಕಾರಣವಿದ್ದರೂ ಮಗುವನ್ನು 'ದಡ್ಡ' ಎಂದು ಕರೆಯಬೇಡಿ. ಸೀಸ ತಗುಲಿದ ಮಗುವೂ ಮಾತು, ಕಥೆ, ಆಟ, ತಾಳ್ಮೆಯ ಪಾಠದಿಂದ ಕಲಿಯುತ್ತದೆ.

ಇಂದು ಸಂಜೆ ಮನೆಯವರೆಲ್ಲ ಸೇರಿ ಮೂರು ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಹಳೆಯ ಬ್ಯಾಟರಿ ಎಲ್ಲಿದೆ? ಮಗು ಆಡುವ ಜಾಗದಲ್ಲಿ ಬಣ್ಣ ಉದುರುತ್ತಿದೆಯೇ? ಅಡುಗೆಯ ಅರಿಶಿನ ಎಲ್ಲಿಂದ ಬಂತು?