ನಲವತ್ತರ ನಂತರ ಪರದೇಶವೇ? ಮೊದಲು ಕುಳಿತು ಲೆಕ್ಕ ಹಾಕೋಣ



ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಹೇಳಿದ ಸಾಮತಿ ಸಂತ ಲೂಕನ ಶುಭಸಂದೇಶದಲ್ಲಿದೆ. ಶಿಷ್ಯನಾಗುವುದರ ಬೆಲೆಯ ಕುರಿತು ಹೇಳಿದ ಮಾತದು. ಆದರೂ ಅದರಲ್ಲಿರುವ ವಿವೇಕ ಸಂಸಾರಸ್ಥರಿಗೂ ಬೇಕು. ಮಧ್ಯವಯಸ್ಸಿನಲ್ಲಿ ಪರದೇಶಕ್ಕೆ ಹೊರಡುವ ಯೋಚನೆ ಮಾಡುತ್ತಿರುವ ಕುಟುಂಬಕ್ಕಂತೂ ಅದು ಹೆಚ್ಚು ಬೇಕು.

ಇಪ್ಪತ್ತೆರಡರ ತರುಣ ಹೊರಟರೆ ಸೋತರೂ ಮರಳಿ ಬಂದು ಹೊಸದಾಗಿ ಆರಂಭಿಸಬಹುದು. ನಲವತ್ತು ದಾಟಿದವರ ಸ್ಥಿತಿ ಹಾಗಲ್ಲ. ಅವರ ಹಿಂದೆ ವಯಸ್ಸಾದ ತಂದೆತಾಯಿ, ಮುಂದೆ ಬೆಳೆಯುತ್ತಿರುವ ಮಕ್ಕಳು, ತಲೆಯ ಮೇಲೆ ಮನೆಸಾಲ. ಆದುದರಿಂದ 'ಯಾವ ದೇಶದಲ್ಲಿ ಸಂಬಳ ಹೆಚ್ಚು?' ಎಂಬ ಪ್ರಶ್ನೆ ಮೊದಲನೆಯದಾಗಬಾರದು. ಮೊದಲು ಕೇಳಬೇಕಾದವು ಮೂರು: ನನ್ನ ವಯಸ್ಸಿಗೆ ಯಾವ ಬಾಗಿಲು ತೆರೆದಿದೆ? ನನ್ನ ಜೊತೆ ಯಾರು ಬರಬಹುದು? ಅರವತ್ತೈದರಲ್ಲಿ ನಾವು ಎಲ್ಲಿರುತ್ತೇವೆ?

ಈ ಪಾಠಕ್ಕಾಗಿ ಮಂಗಳೂರು ಕಡೆಯ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಗಂಡನಿಗೆ 43, ಅಕೌಂಟೆಂಟ್ ಕೆಲಸ. ಹೆಂಡತಿಗೆ 39, ಆಕೆ ನರ್ಸ್. ಮಗಳು ಒಂಬತ್ತನೇ ತರಗತಿ, ಮಗ ಐದನೇ ತರಗತಿ. ಗಂಡನ ತಾಯಿಗೆ 73. ಮನೆಸಾಲ ತೀರಲು ಇನ್ನೂ ಎಂಟು ವರ್ಷ ಬೇಕು. ಇಂಥ ಕುಟುಂಬ ನಿಮ್ಮ ವಾಳೆಯಲ್ಲೇ ಇದ್ದೀತು, ನಿಮ್ಮದೇ ಇರಬಹುದು.

ವಯಸ್ಸಿನ ಬಾಗಿಲು

ಕೆನಡಾ ದೇಶವು 2015ರಿಂದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಪದ್ಧತಿಯಲ್ಲಿ ಅರ್ಜಿದಾರರಿಗೆ ಅಂಕ ಕೊಡುತ್ತದೆ. ದಂಪತಿಗಳು ಜೊತೆಯಾಗಿ ಹೋಗುವುದಾದರೆ, ಮುಖ್ಯ ಅರ್ಜಿದಾರರಿಗೆ 29ರ ವಯಸ್ಸಿನಲ್ಲಿ 100 ಅಂಕ. 39ಕ್ಕೆ ಅದು 50 ಆಗುತ್ತದೆ. 43ಕ್ಕೆ ಬರೀ 15. 45ಕ್ಕೆ ಸೊನ್ನೆ. ಆಸ್ಟ್ರೇಲಿಯಾದಲ್ಲಿ ಅಂಕಗಳ ಆಧಾರದ ವೀಸಾಕ್ಕೆ 45 ತುಂಬುವ ಮೊದಲೇ ಆಹ್ವಾನ ಬಂದಿರಬೇಕು. ಜರ್ಮನಿಗೆ 45 ದಾಟಿದ ಮೇಲೆ ಮೊದಲ ಸಲ ಕೆಲಸಕ್ಕೆ ಹೋಗುವವರು ನಿಗದಿತ ಮಟ್ಟದ ಸಂಬಳವನ್ನಾಗಲಿ, ಮುಪ್ಪಿಗೆ ಸಾಕಾಗುವ ಪಿಂಚಣಿಯ ಏರ್ಪಾಡನ್ನಾಗಲಿ ತೋರಿಸಬೇಕು.

ನಮ್ಮ ಕುಟುಂಬದಲ್ಲಿ ಹೆಚ್ಚು ಅಂಕ ಯಾರಿಗೆ ಬರುತ್ತದೆಂದು ನೋಡಿದಿರಾ? ಹೆಂಡತಿಗೆ. ವಯಸ್ಸು ಕಡಿಮೆ; ಉದ್ಯೋಗಕ್ಕೂ ಬೇಡಿಕೆ ಇದೆ. ಗಂಡನ ಹೆಸರಿನಲ್ಲೇ ಅರ್ಜಿ ಹಾಕುವುದು ನಮ್ಮ ರೂಢಿ. ಇಲ್ಲಿ ಆಕೆಯ ಹೆಸರಿನಲ್ಲಿ ಹಾಕುವುದೇ ಲೇಸು. ಆದರೆ ಅದರ ಅರ್ಥವನ್ನೂ ಗಂಡ ತಿಳಿದಿರಬೇಕು. ಅಲ್ಲಿ ಆಕೆಯ ಕೆಲಸವೇ ಮನೆಯ ಆಧಾರವಾಗುತ್ತದೆ. ಇಲ್ಲಿನ ಅಕೌಂಟೆಂಟ್‌ಗೆ ಮೊದಲ ಕೆಲವು ವರ್ಷ ಗೋದಾಮಿನಲ್ಲಿ ದುಡಿಯುವ ಪಾಳಿ ಬರಬಹುದು. ಅಡಿಗೆಯನ್ನೂ ಮಕ್ಕಳ ಶಾಲೆಯನ್ನೂ ಆತನೇ ನೋಡಿಕೊಳ್ಳಬೇಕಾದೀತು. ಅದಕ್ಕೆ ಮನಸ್ಸು ಒಪ್ಪುತ್ತದೆಯೇ ಎಂದು ಇಲ್ಲಿಯೇ ಕೇಳಿಕೊಳ್ಳುವುದು ಒಳ್ಳೆಯದು. ಅಲ್ಲಿಗೆ ಹೋದ ಮೇಲೆ ಏಳುವ ಈ ಪ್ರಶ್ನೆ ಅನೇಕ ದಾಂಪತ್ಯಗಳನ್ನು ಹಿಂಡುತ್ತದೆ.

ಜೊತೆಗೆ ಯಾರು?

ಎಲ್ಲ ವೀಸಾಗಳೂ ಕುಟುಂಬಕ್ಕೆ ಒಂದೇ ರೀತಿ ಬಾಗಿಲು ತೆರೆಯುವುದಿಲ್ಲ. ಬ್ರಿಟನ್ನಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಹೊಸದಾಗಿ ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯುವುದನ್ನು 2024ರ ಮಾರ್ಚ್ 11ರಿಂದ ನಿಲ್ಲಿಸಲಾಯಿತು. 2025ರ ಜುಲೈ 22ರಿಂದ ಆ ಕೆಲಸಕ್ಕೆ ಹೊರದೇಶಗಳಿಂದ ಹೊಸಬರನ್ನು ಕರೆಸಿಕೊಳ್ಳುವುದನ್ನೇ ನಿಲ್ಲಿಸಿದರು. 'ಆರೈಕೆ ಕೆಲಸಕ್ಕೆ ಬ್ರಿಟನ್ ವೀಸಾ ಸಿದ್ಧವಿದೆ, ಹಣ ಕೊಡಿ' ಎಂದು ಇಂದು ಯಾರಾದರೂ ಊರಿನಿಂದಲೇ ಕರೆದೊಯ್ಯಲು ಬಂದರೆ ಎಚ್ಚರವಿರಲಿ. ಇಸ್ರೇಲಿಗೆ ಆರೈಕೆಯ ಕೆಲಸಕ್ಕೆ ಹೋಗುವವರು ಒಬ್ಬರೇ ಹೋಗಬೇಕು. ಕೊಲ್ಲಿ ದೇಶಗಳಲ್ಲಿ ಸಂಬಳ ಸಾಕಷ್ಟಿದ್ದರೆ ಕುಟುಂಬವನ್ನು ಕರೆಸಿಕೊಳ್ಳಬಹುದು. ಆದರೆ ಅದಕ್ಕೂ ಬೆಲೆಯುಂಟು. ಸೌದಿ ಅರೇಬಿಯಾ 2017ರಲ್ಲಿ ಅವಲಂಬಿತರ ಮೇಲೆ ಹಾಕಿದ ಶುಲ್ಕ 2020ಕ್ಕೆ ತಲೆಗೆ ತಿಂಗಳಿಗೆ 400 ರಿಯಾಲ್‌ಗೆ ಏರಿತು. ಹೆಂಡತಿ ಮತ್ತು ಇಬ್ಬರು ಮಕ್ಕಳೆಂದರೆ ವರ್ಷಕ್ಕೆ 14,400 ರಿಯಾಲ್.

ಐರ್ಲೆಂಡಿನಲ್ಲಿ ನೋಂದಾಯಿತ ನರ್ಸ್‌ಗೆ ಸಿಗುವ ಕ್ರಿಟಿಕಲ್ ಸ್ಕಿಲ್ಸ್ ಪರವಾನಗಿಯ ಸ್ಥಿತಿ ಬೇರೆ. ಆಕೆಯ ಕುಟುಂಬ ಆರಂಭದಿಂದಲೇ ಜೊತೆಗಿರಲು ಅರ್ಜಿ ಹಾಕಬಹುದು. ಗಂಡನಿಗೂ ದುಡಿಯುವ ಅನುಮತಿ ಸಿಗುತ್ತದೆ. ಆದರೆ ಅದಕ್ಕೆ ಮೊದಲು ಇಂಗ್ಲಿಷ್ ಪರೀಕ್ಷೆ, ಅಲ್ಲಿನ ನರ್ಸಿಂಗ್ ಮಂಡಳಿಯ ನೋಂದಣಿ ಎಲ್ಲ ಮುಗಿಯಬೇಕು. ಅದಕ್ಕೆ ತಾಳ್ಮೆ ಬೇಕು.

ಸಂಬಳ ಸ್ವಲ್ಪ ಕಡಿಮೆಯಾದರೂ ಗಂಡ, ಹೆಂಡತಿ, ಮಕ್ಕಳು ಒಂದೇ ಸೂರಿನಡಿ ಇರಬಹುದಾದ ದೇಶ, ಒಬ್ಬರನ್ನೇ ಕರೆಯುವ ದೇಶಕ್ಕಿಂತ ಮೇಲು. ಹದಿನಾಲ್ಕರ ಮಗಳಿಗೆ ತಂದೆ ಬೇಕಾಗಿರುವುದು ಈಗ. ಐದು ವರ್ಷ ಕಳೆದು ಆತ ಮರಳುವಾಗ ಆಕೆ ಹಾಸ್ಟೆಲಿನಲ್ಲಿರುತ್ತಾಳೆ. ಕಳುಹಿಸಿದ ಹಣ ಆ ವರ್ಷಗಳನ್ನು ಮರಳಿ ತರಲಾರದು.

ಅರವತ್ತೈದರಲ್ಲಿ ಎಲ್ಲಿ?

ಕೊಲ್ಲಿ ದೇಶಗಳು ನಮ್ಮ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿವೆ. ಅದನ್ನು ಕೃತಜ್ಞತೆಯಿಂದ ನೆನೆಯೋಣ. ಆದರೆ ಅಲ್ಲಿ ನೌಕರರ ನಿವಾಸದ ಹಕ್ಕು ಸಾಮಾನ್ಯವಾಗಿ ನೌಕರಿಗೆ ಕಟ್ಟಿಕೊಂಡಿರುತ್ತದೆ. ನೌಕರಿ ಮುಗಿದರೆ ಊರಿಗೆ ಮರಳಲೇಬೇಕು. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಅನೇಕರು ಉಟ್ಟ ಬಟ್ಟೆಯಲ್ಲೇ ಬಂದರು. 2020ರಲ್ಲಿ ಕೊರೋನಾ ಕಾಲದಲ್ಲಿಯೂ ವಿಶೇಷ ವಿಮಾನಗಳು ಓಡಿದವು.

ಕೆಲಸ ಬಿಡುವಾಗ ಗ್ರ್ಯಾಚುಯಿಟಿ ಬರುತ್ತದಲ್ಲ ಎನ್ನುವಿರಾ? ಅದನ್ನೂ ಲೆಕ್ಕ ಹಾಕಿ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನ, ನಂತರ ವರ್ಷಕ್ಕೆ 30 ದಿನಗಳದ್ದು. ಮೂಲ ವೇತನ 3,000 ದಿರ್ಹಮ್ ಇದ್ದವರಿಗೆ ಹತ್ತು ವರ್ಷದ ದುಡಿಮೆಗೆ ಸಿಗುವುದು 25,500 ದಿರ್ಹಮ್. ಮುಪ್ಪು ಕಳೆಯಲು ಅದು ಸಾಲದು. ಆದುದರಿಂದ ಕೊಲ್ಲಿಗೆ ಹೋಗುವುದೇ ಆದರೆ ಎಷ್ಟು ವರ್ಷ, ಎಷ್ಟು ಉಳಿತಾಯ, ಮರಳುವ ದಿನ ಯಾವುದು ಎಂಬುದನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ.

ಕೆನಡಾದಲ್ಲಿ 65ರ ನಂತರ ಸಿಗುವ ವೃದ್ಧಾಪ್ಯ ಪಿಂಚಣಿಗೆ ಕನಿಷ್ಠ 10 ವರ್ಷ ಅಲ್ಲಿ ವಾಸವಿರಬೇಕು. ಪೂರ್ಣ ಪಿಂಚಣಿಗೆ 40 ವರ್ಷ. ನಮ್ಮ ಗಂಡ 45ರಲ್ಲಿ ಅಲ್ಲಿ ಕಾಲಿಟ್ಟರೆ 65ಕ್ಕೆ ಆಗುವುದು 20 ವರ್ಷ, ಅಂದರೆ ಅರ್ಧ ಪಿಂಚಣಿ. ದೇಶ ಬಿಟ್ಟು ಬಂದು ಊರಲ್ಲಿ ಪಡೆಯಲು ಸಾಮಾನ್ಯವಾಗಿ 20 ವರ್ಷದ ವಾಸ ಬೇಕು. 2015ರಿಂದ ಜಾರಿಯಲ್ಲಿರುವ ಭಾರತ-ಕೆನಡಾ ಸಾಮಾಜಿಕ ಭದ್ರತಾ ಒಪ್ಪಂದವು ಅರ್ಹತೆಗಾಗಿ ಎರಡೂ ದೇಶಗಳ ಅವಧಿಯನ್ನು ಕೂಡಿಸಲು ನೆರವಾಗಬಹುದು. ಇವನ್ನೆಲ್ಲ ಹೊರಡುವ ಮುನ್ನ ವಿಚಾರಿಸಿ.

ಊರಿನಲ್ಲಿ ಉಳಿಯುವವರು

ತಾಯಿಯ ಪ್ರಶ್ನೆ ಬಂದಾಗ 'ಆಮೇಲೆ ಕರೆಸಿಕೊಳ್ಳೋಣ' ಎಂದು ಹೇಳಿ ಮುಗಿಸುವುದು ಸುಲಭ. ಕೆನಡಾದ ಸೂಪರ್ ವೀಸಾದಲ್ಲಿ ತಂದೆತಾಯಿ ಒಂದು ಸಲಕ್ಕೆ ಐದು ವರ್ಷಗಳವರೆಗೆ ಇರಬಹುದು ನಿಜ. ಆದರೆ ಖಾಸಗಿ ಆರೋಗ್ಯ ವಿಮೆ ಕಡ್ಡಾಯ. 73ರ ತಾಯಿಗೆ ವಿಮೆಯ ಕಂತು ದುಬಾರಿ. ಹಿಮದ ನಾಡಿನಲ್ಲಿ ಹಗಲಿಡೀ ಒಬ್ಬಳೇ ಕೂರುವುದು ಅದಕ್ಕಿಂತ ಭಾರ. ತಾಯಿಯನ್ನೇ ಕೇಳಿ. ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರೆಂದು ಒಬ್ಬರ ಹೆಸರು ಹೇಳಲು ನಿಮ್ಮಿಂದ ಆಗಬೇಕು. 'ಅಕ್ಕಪಕ್ಕದವರಿದ್ದಾರೆ' ಎಂದರೆ ಸಾಲದು. ಆ ನೆರೆಯವರಿಗೂ ಮಾತು ಗೊತ್ತಿರಬೇಕು.

ಹಿತ್ತಲನ್ನೂ ತೋಟವನ್ನೂ ಅವಸರದಲ್ಲಿ ಮಾರಬೇಡಿ. ಅನಿವಾಸಿಯಾದವರು ಇದ್ದ ಕೃಷಿಭೂಮಿಯನ್ನು ಇಟ್ಟುಕೊಳ್ಳಬಹುದು, ಹಿರಿಯರಿಂದ ಬಂದದ್ದನ್ನೂ ಪಡೆಯಬಹುದು; ಆದರೆ ಹೊಸದಾಗಿ ಕೃಷಿಭೂಮಿ ಅಥವಾ ತೋಟ ಖರೀದಿಸುವಂತಿಲ್ಲ. ಒಮ್ಮೆ ಮಾರಿದರೆ ಅನಿವಾಸಿಯಾಗಿರುವಷ್ಟು ಕಾಲ ಮತ್ತೆ ಕೊಳ್ಳಲಾಗದು.

ಏಜೆಂಟರ ವಿಷಯ. ಸರಕಾರದ ನೋಂದಣಿ ಇರುವ ಏಜೆಂಟರು ಕೆಲಸಗಾರರಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ ರೂ. 30,000, ಮೇಲೆ ಜಿಎಸ್‌ಟಿ. ನೋಂದಣಿ ಇದೆಯೇ ಎಂದು ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ರಶೀದಿ ಕೊಡದವನಿಗೆ ಚಿನ್ನ ಅಡವಿಟ್ಟು ಲಕ್ಷಗಟ್ಟಲೆ ಕೊಡಬೇಡಿ. ವೀಸಾ ನಿಯಮಗಳು ಪದೇ ಪದೇ ಬದಲಾಗುತ್ತವೆ. ಆಯಾ ದೇಶದ ಸರಕಾರಿ ತಾಣದಲ್ಲಿ ಇಂದಿನ ನಿಯಮವನ್ನು ಓದಿಯೇ ಹೆಜ್ಜೆ ಇಡಿ.

ಶಾಂತ ಮನಸ್ಸಿನ ತೀರ್ಮಾನ

ಲೆಕ್ಕವೆಲ್ಲ ಮುಗಿದ ಮೇಲೂ ಮನಸ್ಸು ತೂಗಾಡುತ್ತಿರುತ್ತದೆ. ಇಲ್ಲಿ ಸಂತ ಲೊಯೋಲದ ಇಗ್ನಾಸಿಯವರು ನಮಗೆ ನೆರವಾಗುತ್ತಾರೆ. 1548ರಲ್ಲಿ ಅಚ್ಚಾದ ಅವರ ಧ್ಯಾನದ ಕೈಪಿಡಿಯಲ್ಲಿ ಇಂಥ ಆಯ್ಕೆಗಳಿಗೆ ಮಾರ್ಗದರ್ಶನವಿದೆ. ಮನಸ್ಸು ಕತ್ತಲಲ್ಲಿರುವಾಗ ಮೊದಲಿನ ತೀರ್ಮಾನವನ್ನು ಬದಲಿಸಬೇಡಿ ಎನ್ನುತ್ತಾರೆ ಅವರು. ಹಾಗಾದರೆ ಬ್ಯಾಂಕಿನ ನೋಟೀಸು ಬಂದ ವಾರ, ಮೇಲಧಿಕಾರಿ ಅವಮಾನಿಸಿದ ದಿನ, ಮನೆಯಲ್ಲಿ ಜಗಳವಾದ ರಾತ್ರಿ ಪಾಸ್‌ಪೋರ್ಟ್ ತೆಗೆಯಬೇಡಿ. ನಿಮ್ಮದೇ ಸ್ಥಿತಿಯಲ್ಲಿರುವ ಒಬ್ಬ ಅಪರಿಚಿತ ಸಲಹೆ ಕೇಳಿದರೆ ಏನು ಹೇಳುವಿರೋ, ಅದನ್ನೇ ನಿಮಗೂ ಹೇಳಿಕೊಳ್ಳಿ ಎಂಬುದು ಇನ್ನೊಂದು ಉಪಾಯ. ಮರಣದ ಹೊತ್ತಿನಲ್ಲಿ ಯಾವ ತೀರ್ಮಾನವನ್ನು ಮಾಡಿರಬೇಕಿತ್ತು ಎನಿಸೀತು ಎಂದು ಯೋಚಿಸುವುದು ಮೂರನೆಯದು.

ನಮ್ಮ ಊಹೆಯ ಕುಟುಂಬ ಏನು ಮಾಡಬೇಕು? ತಾಯಿ ನಡೆದಾಡುತ್ತಿದ್ದು, ನೋಡಿಕೊಳ್ಳಲು ಒಬ್ಬ ಮಗಳೋ ಮಗನೋ ಊರಿನಲ್ಲಿದ್ದರೆ, ಹೆಂಡತಿಯ ಹೆಸರಿನಲ್ಲಿ ಐರ್ಲೆಂಡಿಗೋ ಕೆನಡಾಕ್ಕೋ ಈ ವರ್ಷವೇ ಪ್ರಯತ್ನಿಸಬಹುದು. ತಡಮಾಡಿದಷ್ಟೂ ಅಂಕ ಇಳಿಯುತ್ತದೆ. ತಾಯಿ ಹಾಸಿಗೆ ಹಿಡಿದಿದ್ದು ಬೇರೆ ಯಾರೂ ಇಲ್ಲದಿದ್ದರೆ ಉಳಿಯುವುದೇ ಸರಿ. ಉಳಿದವರನ್ನು ಧೈರ್ಯವಿಲ್ಲದವರೆಂದು ಯಾರೂ ಹಗುರವಾಗಿ ಕಾಣಬಾರದು. ಲೆಕ್ಕ ಹಾಕಿ, ಪ್ರಾರ್ಥಿಸಿ, ಒಪ್ಪಿಕೊಂಡು ಉಳಿಯುವುದೂ ಒಂದು ತೀರ್ಮಾನವೇ.

ಕುಟುಂಬದಲ್ಲಿ ಚರ್ಚಿಸಲು

1. ನಾವು ಹೊರಡುತ್ತಿರುವುದು ಯಾವುದರ ಕಡೆಗೆ? ಅಥವಾ ಯಾವುದರಿಂದ ಓಡುತ್ತಿದ್ದೇವೆ?

2. ಮಕ್ಕಳ ಅಭಿಪ್ರಾಯ ಕೇಳಿದ್ದೇವೆಯೇ? ಅಜ್ಜಿಯದು?

3. ಎರಡು ವರ್ಷದಲ್ಲಿ ಮರಳಿ ಬರಬೇಕಾದರೆ ನಮಗೆ ಮನೆ, ಕೆಲಸ, ಉಳಿತಾಯ ಇರುತ್ತದೆಯೇ?

4. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ತಮ್ಮ ಉತ್ತರ ಬರೆದು ನಂತರ ಒಟ್ಟಿಗೆ ಓದಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ಮಾತು ಆರಂಭಿಸಿ.